ಅಧಿಕಾರ ವ್ಯಾಪ್ತಿಗೆ ಬಾರದ ಗಂಡ

ನಮ್ಮ ಮನೆಯಲ್ಲಿ ಸಾರಿಗೆ ಉಪ್ಪೆಷ್ಟು, ನನಗೆ ಕಾಫಿ ಎಷ್ಟು (ಇಲ್ಲ), ನಾನು ಯಾವ ಹೊತ್ತಿಗೆ ಮಲಗಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಪರಮಾಧಿಕಾರ ನನ್ನ ಹೆಂಡತಿ ಇಂದ್ರಾಣಿಯದು. ಮದುವೆಯಾದಂದಿನಿಂದ ಈ ಅಧಿಕಾರವನ್ನು ಯಾರೂ ಪ್ರಶ್ನಿಸಿಲ್ಲ. ನಾನಂತೂ ಕನಸಿನಲ್ಲೂ ಪ್ರಶ್ನಿಸಿಲ್ಲ. ಆದರೆ ಹೋದ ತಿಂಗಳು ಜ್ವರ ಬಂದು ಒಂದೇ ಒಂದು ಪ್ಯಾರಸಿಟಮಾಲ್ ಕೇಳಿದಾಗ, ಈ ಚಕ್ರವರ್ತಿನಿ ಇದ್ದಕ್ಕಿದ್ದ ಹಾಗೆ ಕಾನೂನಿನ ಮುಂದೆ ಕೈಕಟ್ಟಿ ನಿಂತುಬಿಟ್ಟಳು.

"ಅದನ್ನ ಬರೆಯೋ ಅಧಿಕಾರ ನಂಗಿಲ್ಲ ರೀ."

"ಬರೀಬೇಡ. ಸುಮ್ನೆ ಕೊಡು. ಮೆಡಿಕಲ್ ಶಾಪಿನವನು ಕೇಳಿದ ತಕ್ಷಣ ಕೊಡ್ತಾನೆ."

"ಹಾಗಾದ್ರೆ ಮೆಡಿಕಲ್ ಶಾಪಿನವನನ್ನೇ ಕಟ್ಕೋಬೇಕಿತ್ತು," ಎಂದು ನನ್ನ ಹಣೆಗೊಂದು ಒದ್ದೆ ಬಟ್ಟೆ ಹಾಕಿ, ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟಿ, ಮೆಟ್ಟಿಲಿಳಿದು ಹೋದಳು. ಕೆಳಗೆ ಬೆಂಚಿನ ತುಂಬ ಜನ ಅವಳಿಗಾಗಿ ಕಾಯುತ್ತಿದ್ದರು. ಮೇಲೆ ನಾನೊಬ್ಬನೇ ಕಾಯುತ್ತಿದ್ದೆ.

ಇಂದ್ರಾಣಿ ಪ್ರಕೃತಿ ಚಿಕಿತ್ಸೆಯ ಡಾಕ್ಟರು. ಐದೂವರೆ ವರ್ಷ ಓದಿ, ಸರ್ಕಾರಿ ವೈದ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡವಳು. ವಾರದ ಶಿಬಿರ ಮುಗಿಸಿ ಬೋರ್ಡು ತೂಗುಹಾಕಿಕೊಂಡವರ ಸಾಲಿಗೆ ಅವಳನ್ನು ಯಾರಾದರೂ ಸೇರಿಸಿದರೆ ಮುಗಿಯಿತು, ಅವರಿಗೆ ಕಾನೂನಿನ ಪಾಠವಾಗುತ್ತದೆ. ನೀರು, ಮಣ್ಣು, ಬಿಸಿಲು, ಉಪವಾಸ, ಆಸನ, ಇವು ಅವಳ ವ್ಯಾಪ್ತಿ. ಇಂಗ್ಲಿಷ್ ಮಾತ್ರೆ ಅವಳ ವ್ಯಾಪ್ತಿಯಲ್ಲ. ಆ ಗೆರೆಯನ್ನು ಅವಳು ಕೂದಲೆಳೆಯಷ್ಟೂ ದಾಟುವುದಿಲ್ಲ.

ನನ್ನ ದೂರು ಮಾತ್ರೆಯ ಬಗ್ಗೆ ಅಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದಷ್ಟೂ ಕಾಲ ನನಗಿದ್ದದ್ದು ಒಂದೇ ಆಸೆ. ನಿವೃತ್ತನಾದ ಮೇಲೆ ಬೆಳಿಗ್ಗೆ ಇಬ್ಬರೂ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕಿ, ದೋಸೆ ತಿಂದು, ಬನಶಂಕರಿಯ ನಮ್ಮ ಮಹಡಿ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಹರಟೆ ಹೊಡೆಯಬೇಕು ಎಂದು. ನಮಗೆ ಮಕ್ಕಳಿಲ್ಲ. ಇರುವವರು ಇಬ್ಬರೇ. ಆದರೆ ನಾನು ಹಾರ ಹಾಕಿಸಿಕೊಂಡು ಮನೆಗೆ ಬಂದ ವಾರದಲ್ಲೇ ಕೆಳಮನೆಯ ಬಾಡಿಗೆದಾರರು ಖಾಲಿ ಮಾಡಿದರು. ಅಷ್ಟು ದಿನ ಯಾರದೋ ಆಸ್ಪತ್ರೆಯಲ್ಲಿ ದುಡಿದಿದ್ದ ಇಂದ್ರಾಣಿ ಅಲ್ಲಿ ಸ್ವಂತ ಕ್ಲಿನಿಕ್ ತೆರೆದಳು. ನಾನು ಮನೆಗೆ ಬಂದೆ, ಅವಳು ಹೋದಳು.

ಕ್ಲಿನಿಕ್ಕಿನ ಮೊದಲ ಪೆಟ್ಟು ಬಿದ್ದದ್ದು ನನ್ನ ಮುಖಕ್ಕೆ. ನೋಂದಣಿ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಬೇಕಂತೆ. ಅದರ ಅಳತೆಗೆ ಸರಿಯಾದ ಚೌಕಟ್ಟು ಇಡೀ ಮನೆಯಲ್ಲಿ ಒಂದೇ ಇತ್ತು, ನಮ್ಮ ಮದುವೆ ಫೋಟೋದ್ದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯ ಗೋಡೆಯಲ್ಲಿ ಬರೀ ಮೊಳೆ ಇತ್ತು. ಫೋಟೋ ಎಲ್ಲಿಟ್ಟೆ ಎಂದು ಕೇಳಿದೆ. "ಇದೆ ರೀ, ಎಲ್ಲಿಗ್ ಹೋಗುತ್ತೆ," ಎಂದಳು. ಬೀರುವಿನಲ್ಲಿ, ಅಟ್ಟದ ಮೇಲೆ, ಹಳೇ ಸೀರೆಗಳ ನಡುವೆ ಹುಡುಕಿದೆ. ಎಲ್ಲೂ ಇರಲಿಲ್ಲ. ಇನ್ನೊಂದು ಸಲ ಕೇಳಲು ಧೈರ್ಯವಾಗಲಿಲ್ಲ. ಬಿಸಾಡಿದೆ ಎಂದುಬಿಟ್ಟರೆ ಏನು ಮಾಡುವುದು?

ಮಹಡಿಯ ಮೇಲೆ ಒಬ್ಬನೇ ಇರುವುದು ಎಂದರೆ ಏನೆಂದು ನಿಮಗೆ ಹೇಳಬೇಕು. ನಾನು ಕುಕ್ಕರಿನ ಜೊತೆ ಮಾತಾಡತೊಡಗಿದ್ದೆ. (ಅದು ಉತ್ತರವನ್ನಾದರೂ ಕೊಡುತ್ತಿತ್ತು.) ಮೆಟ್ಟಿಲ ಬಾಗಿಲು ತೆರೆದಿಟ್ಟರೆ ಕೆಳಗಿನಿಂದ ಇಂದ್ರಾಣಿಯ ದನಿ ಕೇಳಿಸುತ್ತದೆ. ಒಬ್ಬೊಬ್ಬ ರೋಗಿಯ ಜೊತೆಗೂ ಅರ್ಧ ಗಂಟೆ ಮಾತು. ನಿದ್ದೆ ಚೆನ್ನಾಗಿ ಬರುತ್ತಾ, ಮನಸ್ಸಿಗೆ ಏನಾದರೂ ಬೇಜಾರಿದೆಯಾ, ಬೆಳಿಗ್ಗೆ ಎದ್ದಾಗ ಹೇಗನ್ನಿಸುತ್ತೆ. ಇದೇ ಬಾಯಿ ನನ್ನ ಜೊತೆ ಆಡುತ್ತಿದ್ದದ್ದು "ಗ್ಯಾಸ್ ಆಫ್ ಮಾಡಿದ್ರಾ?" ಎಂಬ ಒಂದೇ ಪ್ರಶ್ನೆ. ಹಾಗಾಗಿ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಆ ರೋಗಿಗಳನ್ನು ಕೇಳಿದ ಪ್ರಶ್ನೆಗಳಿಗೆ ನಾನೇ ಮೆಲ್ಲಗೆ ಉತ್ತರ ಕೊಟ್ಟುಕೊಳ್ಳುತ್ತಿದ್ದೆ. ಒಂದು ದಿನ ಹಾಲಿನವನು ಅದನ್ನು ನೋಡಿದ. ಅಂದಿನಿಂದ ಪ್ಯಾಕೆಟ್ಟನ್ನು ದೂರದಲ್ಲೇ ಇಟ್ಟು ಹೋಗುತ್ತಾನೆ.

ಹೀಗಿರುವಾಗ ಕ್ಲಿನಿಕ್ಕಿನ ಸಹಾಯಕಿ ಭಾಗ್ಯಜ್ಯೋತಿ ಅಕ್ಕನ ಬಾಣಂತನಕ್ಕೆಂದು ಊರಿಗೆ ಹೋದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಇಸ್ತ್ರಿ ಶರಟು ತೊಟ್ಟು ಕೆಳಗಿಳಿದು, ಬಿಟ್ಟಿ ಸೇವೆಗೆ ಸಿದ್ಧ ಎಂದು ಘೋಷಿಸಿದೆ. ಇಂದ್ರಾಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಟೋಕನ್ ಕೊಡಿ. ಇನ್ನೇನೂ ಕೊಡ್ಬೇಡಿ," ಎಂದಳು.

ಮೊದಲ ದಿನ ಟೋಕನ್ ಮಾತ್ರ ಕೊಟ್ಟೆ. ಎರಡನೇ ದಿನ ಕೊಟ್ರಪ್ಪ ಬಂದರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದು, ಕೆಲಸ ಬಿಟ್ಟ ಮೇಲೂ ಬಿಟಿಎಂ ಬಡಾವಣೆಯ ಬಾಡಿಗೆ ಮನೆಯಲ್ಲೇ ಉಳಿದ ಒಂಟಿ ಜೀವ. ಊರು ಕೂಡ್ಲಿಗಿ ಕಡೆ. ಅವರ ಹೊಟ್ಟೆಯ ವಿಚಾರ ನಮ್ಮ ಬೆಂಚಿಗೆಲ್ಲ ಗೊತ್ತಿತ್ತು. ಅವತ್ತು ಮಾತ್ರ ತಲೆ ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸರ, ತಲಿ ಭಾಳ ಸಿಡ್ಯಾಕ್ಹತ್ತೈತ್ರಿ. ಡಾಕ್ಟರ್ ಹಣಿಗೆ ಮಣ್ಣು ಹಚ್ರಿ ಅಂತಾರ. ನಿಮ್ಮತ್ರ ಒಂದ್ ಗುಳಿಗಿ ಇದ್ರ ಕೊಡ್ರಲಾ."

ನನ್ನ ಜೇಬಿನಲ್ಲಿತ್ತು. (ಜ್ವರದ ದಿನ ಇಂದ್ರಾಣಿ ಕೆಳಗಿಳಿದ ಮೇಲೆ ನಾನೂ ಹಿತ್ತಲ ಮೆಟ್ಟಿಲಿನಿಂದ ಇಳಿದು ಮೆಡಿಕಲ್ ಶಾಪಿಗೆ ಹೋಗಿದ್ದೆ. ಇದು ನಮ್ಮಿಬ್ಬರಲ್ಲೇ ಇರಲಿ.) ಒಂದು ಮಾತ್ರೆ ಕೊಟ್ಟೆ. ಮರುದಿನ ಕೊಟ್ರಪ್ಪ ಟೋಕನ್ ಇಲ್ಲದೆಯೇ ಬಂದು ನನ್ನ ಪಕ್ಕ ಕುಳಿತು, ಕೂಡ್ಲಿಗಿಯಿಂದ ಬೊಮ್ಮನಹಳ್ಳಿಯವರೆಗಿನ ಜೀವನ ಚರಿತ್ರೆ ಹೇಳಿದರು. ಸುದ್ದಿ ಬೆಂಚಿನ ಉದ್ದಕ್ಕೂ ಹರಡಿತು. ವಾರದೊಳಗೆ ನನ್ನ ಎಡಜೇಬಿನಲ್ಲಿ ತಲೆನೋವಿನದು, ಬಲಜೇಬಿನಲ್ಲಿ ಗ್ಯಾಸಿನದು. ಜನ ನನ್ನನ್ನು ಸಣ್ಣ ಡಾಕ್ಟ್ರು ಎಂದು ಕರೆಯತೊಡಗಿದರು, ಬಂದು ಕೂತರು, ನಕ್ಕರು, ನಿಮ್ಮ ಊಟ ಆಯ್ತಾ ಎಂದು ವಿಚಾರಿಸಿದರು. ನಿಜ ಹೇಳುತ್ತೇನೆ, ನನಗೆ ತುಂಬ ಸಂತೋಷವಾಯಿತು. ಒಳಗೆ ಹೋದವರು ಇಂದ್ರಾಣಿಗೆ, "ನಿಮ್ ಮಣ್ಣಿನ ಪಟ್ಟಿ ಸಖತ್ತಾಗಿ ಕೆಲ್ಸ ಮಾಡ್ತು ಮೇಡಂ," ಎಂದು ಹೇಳಿದಾಗ ಅವಳೂ ಹಿಗ್ಗುತ್ತಿದ್ದಳು. ಸಂಸಾರದಲ್ಲಿ ಇಂಥ ಸೌಹಾರ್ದ ಎಷ್ಟೋ ದಿನಗಳಿಂದ ಇರಲಿಲ್ಲ.

ಆಮೇಲೊಂದು ಮಧ್ಯಾಹ್ನ ಬಿಸಿಲಲ್ಲಿ ಬೆಂದ ಒಬ್ಬ ಮನುಷ್ಯ ಒಳಗೆ ಬಂದು, ಬ್ಯಾಗು ಕೆಳಗಿಟ್ಟು ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡರು. ಬೆಂಚಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಒಂದು ಲೋಟ ನೀರು, ಒಂದು ಮಾತ್ರೆ ಮುಂದಿಟ್ಟೆ. ಅವರು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

"ಇದನ್ನ ಯಾರು ಬರೆದುಕೊಟ್ಟಿದ್ದು?"

"ಬರೆಯೋದೆಲ್ಲ ಯಾಕೆ ಸಾರ್," ಎಂದೆ ಔದಾರ್ಯದಿಂದ. "ನಮ್ಮಲ್ಲಿ ಎಲ್ಲಾ ಸಿಗುತ್ತೆ."

ಅವರು ಜೇಬಿನಿಂದ ಗುರುತಿನ ಚೀಟಿ ತೆಗೆದರು. ಖಾಸಗಿ ಕ್ಲಿನಿಕ್ಕುಗಳನ್ನು ತಪಾಸಣೆ ಮಾಡುವ ಅಧಿಕಾರಿ. ಪ್ರಕೃತಿ ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಇಂಗ್ಲಿಷ್ ಮಾತ್ರೆ ಹಂಚುತ್ತಾರೆಂದು ಅವರು ಬರೆದರೆ ಇಂದ್ರಾಣಿಯ ನೋಂದಣಿಗೇ ಸಂಚಕಾರ. ಇಷ್ಟು ವರ್ಷ ಒಂದು ಮಾತ್ರೆಯನ್ನೂ ಮುಟ್ಟದವಳು, ಗಂಡನ ಜೇಬಿನಿಂದಾಗಿ ಬೋರ್ಡು ಇಳಿಸಬೇಕಾಗುತ್ತಿತ್ತು.

ಅಧಿಕಾರಿ ನನ್ನನ್ನು ಮುಂದಿಟ್ಟುಕೊಂಡು ಒಳಗೆ ನಡೆದರು. ನಡೆದದ್ದನ್ನು ಹೇಳಿ, ಇವರು ನಿಮ್ಮ ಸಿಬ್ಬಂದಿಯೇ ಎಂದು ಕೇಳಿದರು. ಇಂದ್ರಾಣಿ ನನ್ನ ಉಬ್ಬಿದ ಜೇಬುಗಳನ್ನು ನೋಡಿದಳು. ಕಣ್ಣಲ್ಲೇ ಸುಟ್ಟಳು.

"ಅಲ್ಲ ಸಾರ್. ಪೇಷಂಟು."

"ಹೌದಾ? ಹಾಗಾದ್ರೆ ನೋಡಿ ಇವರನ್ನ. ನಾನು ಕೂತಿರ್ತೀನಿ," ಎಂದು ಅವರು ಕುರ್ಚಿ ಎಳೆದುಕೊಂಡರು.

ಹೀಗೆ ನಾನು ನನ್ನ ಹೆಂಡತಿಯ ಎದುರು, ಮೇಜಿನ ಈಚೆ ಕಡೆ ಕುಳಿತೆ. ಅವಳು ಹೊಸ ಹಾಳೆ ತೆಗೆದು ಹೆಸರು ಕೇಳಿದಳು. ಶಿವರಾಮ್ ಎಂದೆ. ಮೊದಲ ಸಲ ಕೇಳಿದವಳಂತೆ ಬರೆದುಕೊಂಡಳು.

"ನಿದ್ದೆ ಹೇಗಿದೆ?"

"ಬರಲ್ಲ."

"ಹಸಿವು?"

"ಒಬ್ನೇ ಕೂತು ತಿನ್ನೋವಾಗ ಇರಲ್ಲ."

"ಮನೇಲಿ ಯಾರಿದಾರೆ?"

"ಹೆಂಡ್ತಿ ಇದಾಳೆ. ತುಂಬಾ ಬಿಜಿ." ನಾಟಕವೆಂದೇ ಶುರುಮಾಡಿದ್ದೆ. ಮೆಟ್ಟಿಲ ಮೇಲೆ ಕುಳಿತು ಎಷ್ಟೋ ಸಲ ಅಭ್ಯಾಸ ಮಾಡಿದ್ದ ಉತ್ತರಗಳು ಅವು. ಆದರೆ ನನ್ನ ಗಂಟಲು ನಾಟಕ ಮಾಡಲಿಲ್ಲ. "ಬೆಳಿಗ್ಗೆಯಿಂದ ಸಂಜೆವರೆಗೆ ಮಾತಾಡೋಕೆ ಒಂದು ಜೀವ ಇರಲ್ಲ ಡಾಕ್ಟ್ರೇ. ಇದ್ದೀನೋ ಇಲ್ವೋ ಅಂತ ನಂಗೇ ಅನುಮಾನ ಆಗುತ್ತೆ."

ಅವಳ ಪೆನ್ನು ನಿಂತಿತು. "ಇದನ್ನ ಅವರಿಗೆ ಹೇಳಿದೀರಾ?"

"ಅಪಾಯಿಂಟ್‌ಮೆಂಟ್ ಸಿಗ್ಲಿಲ್ಲ."

ಅಧಿಕಾರಿಗೇ ಮುಜುಗರವಾಗಿ, ಎದ್ದು ಗೋಡೆಯ ಕಡೆ ತಿರುಗಿದರು. ಇಂದ್ರಾಣಿಯ ಬೆನ್ನ ಹಿಂದೆ ಪ್ರಮಾಣಪತ್ರ ತೂಗುತ್ತಿತ್ತು. ಗಾಜಿನ ಹೊಳಪಿಗೆ ನಂಬರು ಕಾಣುತ್ತಿಲ್ಲವೆಂದು ಅವರು ಚೌಕಟ್ಟನ್ನು ಇಳಿಸಿ, ಹಿಂದಿನ ರಟ್ಟನ್ನು ಸರಿಸಿದರು. ರಟ್ಟಿನ ಜೊತೆಗೆ ಇನ್ನೊಂದು ಹಾಳೆ ಜಾರಿ ನೆಲಕ್ಕೆ ಬಿತ್ತು.

ಅದು ನಾನು. ಪೇಟ, ಬಾಸಿಂಗ, ಆಗಿನ ಕಾಲದ ದಪ್ಪ ಮೀಸೆ. ಪಕ್ಕದಲ್ಲಿ ತಲೆ ತಗ್ಗಿಸಿ ನಗು ತಡೆದುಕೊಂಡ ಇಂದ್ರಾಣಿ. ಬಿಸಾಡಿರಲಿಲ್ಲ. ಬೀರುವಿಗೆ ತುರುಕಿರಲಿಲ್ಲ. ಇದ್ದ ಜಾಗದಲ್ಲೇ ಬಿಟ್ಟು, ಮೇಲೆ ಪ್ರಮಾಣಪತ್ರ ಇಟ್ಟಿದ್ದಳು, ಅಷ್ಟೆ. ಇಷ್ಟು ದಿನವೂ ಅವಳು ರೋಗಿಗಳನ್ನು ನೋಡುವಾಗ ನಾನು ಅವಳ ಬೆನ್ನ ಹಿಂದೆಯೇ ಇದ್ದೆ, ಸರ್ಕಾರದ ಮೊಹರಿನ ಅಡಿಯಲ್ಲಿ. ನನ್ನ ಕಣ್ಣು ತುಂಬಿ ಬಂತು. ಆದರೆ ಅದಕ್ಕೆ ಅದು ಸಮಯವಾಗಿರಲಿಲ್ಲ.

ಅಧಿಕಾರಿ ಫೋಟೋ ನೋಡಿದರು. ನನ್ನನ್ನು ನೋಡಿದರು.

"ಪೇಷಂಟು," ಎಂದರು. "ಎಷ್ಟು ವರ್ಷದಿಂದ?"

"ಇಪ್ಪತ್ತೆಂಟು," ಎಂದಳು ಇಂದ್ರಾಣಿ.

ಪುಣ್ಯಕ್ಕೆ ಅವರೂ ಸಂಸಾರಸ್ಥರು. ರೋಗಿಗಳ ಹಾಳೆಗಳನ್ನೆಲ್ಲ ತಿರುವಿ ಹಾಕಿ, ಡಾಕ್ಟರು ಎಲ್ಲೂ ಒಂದು ಮಾತ್ರೆ ಬರೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ತೀರ್ಪು ನನ್ನ ಮೇಲೆ ಬಿತ್ತು. ಈ ಮನುಷ್ಯ ಇನ್ನು ಮುಂದೆ ಕ್ಲಿನಿಕ್ಕಿನ ಹೊಸ್ತಿಲು ದಾಟಬಾರದು, ದಾಟಿದ್ದು ಕಂಡರೆ ವಿಷಯ ಮಂಡಳಿಗೆ ಹೋಗುತ್ತದೆ. ನನ್ನ ಎರಡೂ ಜೇಬು ಖಾಲಿ ಮಾಡಿಸಿ ಮಾತ್ರೆಗಳನ್ನು ಕವರಿಗೆ ಹಾಕಿಕೊಂಡರು. ಒಂದನ್ನು ಮಾತ್ರ ನೀರಿನ ಜೊತೆ ನುಂಗಿದರು. ಅವರ ತಲೆನೋವು ನಿಜವಾದದ್ದೇ ಆಗಿತ್ತು.

ಸಂಜೆ ಇಂದ್ರಾಣಿ ಮೇಲೆ ಬಂದು ಎದುರಿಗೆ ಕುಳಿತಳು. ಬಯ್ಗುಳಕ್ಕೆ ತಲೆ ಒಡ್ಡಿ ಕೂತಿದ್ದೆ.

"ನೋಂದಣಿ ಹೋಗಿದ್ರೆ ಏನ್ ಮಾಡ್ತಿದ್ರಿ?"

"ನೀನು ಮನೇಲಿರ್ತಿದ್ದೆ," ಎಂದುಬಿಟ್ಟೆ. ನಾಲಿಗೆ ನನ್ನನ್ನು ಕೇಳಲೇ ಇಲ್ಲ.

ಅವಳು ನನ್ನನ್ನೇ ನೋಡಿದಳು. ಬಯ್ಯಲಿಲ್ಲ. ನನ್ನ ಕೈ ಹಿಡಿದು, ಅಭ್ಯಾಸಬಲದಿಂದ ನಾಡಿ ಬಡಿತವನ್ನೂ ನೋಡಿದಳು. "ನಂಗೆ ಗೊತ್ತೇ ಆಗ್ಲಿಲ್ಲ ರೀ," ಎಂದಳು. "ನಾಳೆ ಬೆಳಿಗ್ಗೆಯಿಂದ ಇದಕ್ಕೊಂದು ದಾರಿ ಮಾಡ್ತೀನಿ. ಇದು ನನ್ನ ವ್ಯಾಪ್ತಿಗೆ ಬರೋ ಕಾಯಿಲೆ."

ಬೆಳಿಗ್ಗೆ ನಾನು ಮದುವೆ ಗಂಡಿನಂತೆ ಎದ್ದೆ. ಇಂದ್ರಾಣಿ ಆಗಲೇ ಕೆಳಗಿಳಿದಿದ್ದಳು, ಅವಳು ಬರುವಷ್ಟರಲ್ಲಿ ಎಂದು ಬಾಲ್ಕನಿಗೆ ಎರಡು ಕುರ್ಚಿ ಹಾಕಿದೆ. ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದ ಕಾಫಿ ಪುಡಿ ತೆಗೆದು ಎರಡು ಲೋಟ ಕಾಫಿ ಮಾಡಿದೆ, ಇವತ್ತು ಬಯ್ಯಲಾರಳು ಎಂಬ ಧೈರ್ಯದಿಂದ. ಕರೆಗಂಟೆ ಸದ್ದಾಯಿತು. ಸ್ವಂತ ಮನೆಗೆ ಗಂಟೆ ಬಾರಿಸುವ ಅವಳ ತುಂಟತನಕ್ಕೆ ನಗುತ್ತ ಬಾಗಿಲು ತೆರೆದೆ.

ಕೊಟ್ರಪ್ಪ ನಿಂತಿದ್ದರು. ಕೈಯಲ್ಲೊಂದು ಚೀಟಿ.

"ಡಾಕ್ಟರ್ ಬರ್ದು ಕೊಟ್ಟಾರ್ರಿ. ದಿನಾ ಮುಂಜಾನೆ ಒಂದು ತಾಸು ನಿಮ್ಮ ಜೋಡಿ ಮಾತಾಡ್ಬೇಕಂತ. ನಂಗೂ ಅದ ಔಷಧ, ನಿಮಗೂ ಅದ ಅಂದ್ರು."

ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ಸಹಿ ಇತ್ತು, ಮೊಹರಿತ್ತು, ನೋಂದಣಿ ಸಂಖ್ಯೆ ಇತ್ತು. ಯಾವ ಮಾತ್ರೆಯ ಹೆಸರೂ ಇರಲಿಲ್ಲ. ಯಾವ ಮಂಡಳಿಗೆ ದೂರು ಕೊಟ್ಟರೂ ನಿಲ್ಲುವಂತಿರಲಿಲ್ಲ.

ಕೊಟ್ರಪ್ಪ ಎರಡನೇ ಕುರ್ಚಿಯಲ್ಲಿ ಕುಳಿತು, ಎರಡನೇ ಲೋಟದ ಕಾಫಿ ಕುಡಿದು, ಹೊಟ್ಟೆಯ ವಿಚಾರವನ್ನು ಬಾಲ್ಯದಿಂದ ಆರಂಭಿಸಿದರು. ತೆರೆದ ಮೆಟ್ಟಿಲ ಬಾಗಿಲಿನಿಂದ ಇಂದ್ರಾಣಿಯ ದನಿ ಬರುತ್ತಿತ್ತು. ಯಾರನ್ನೋ, ನಿದ್ದೆ ಚೆನ್ನಾಗಿ ಬರುತ್ತಾ ಎಂದು ಕೇಳುತ್ತಿದ್ದಳು. ಕೊಟ್ರಪ್ಪ ಮಾತು ನಿಲ್ಲಿಸಿ ಅದನ್ನು ಕೇಳಿಸಿಕೊಂಡು ತಲೆದೂಗಿದರು.

"ಒಂದ್ ಮಾತು ಹೇಳ್ತೀನ್ರಿ ಸರ. ನಾವು ಏನೇ ಹೇಳ್ಲಿ, ಡಾಕ್ಟರ್ ಎದುರಿಗೆ ಕುಂತು ಎಷ್ಟು ಸಮಾಧಾನದಿಂದ ಕೇಳ್ತಾರ. ಹೊರಗಿನವರಿಗೇ ಇಷ್ಟು ಅಂದ್ರ, ಅವ್ರ ಜೋಡಿ ಮನ್ಯಾಗಿರೋ ನಿಮ್ಮ ಪುಣ್ಯಾ ಏನ್ ಹೇಳೂದ್ರಿ."

"ಹೌದು," ಎಂದೆ. ಆಮೇಲೆ, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದೆ.