ಗಿರಿಜಕ್ಕನ ಗಂಡ ಬದುಕಿದ್ದಾರೆ

ನನಗೆ ಸಿಟ್ಟು ಬರುವುದು ಕಡಿಮೆ. ಬಂದರೆ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಬೆಳ್ಮಣ್ಣಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ್ದರ ಫಲ ಇದು. ತುಳುವಿನಲ್ಲಿ ಬೈದರೆ ಎದುರಿನವರು ತಿರುಗಿ ಬೈಯುತ್ತಾರೆ. ಇಂಗ್ಲಿಷಿನಲ್ಲಿ ಬೈದರೆ ನಿಂತು ಕೇಳುತ್ತಾರೆ. ಹಾಗಾಗಿ ಉದ್ಯಾವರದ ನಮ್ಮ ಚರ್ಚಿಗೆ ವಿದೇಶದ ಒಂದು ಸಭೆಯಿಂದ ಆರು ಮಂದಿ ಸ್ವಯಂಸೇವಕರು ಎರಡು ವಾರದ ಮಟ್ಟಿಗೆ ಬರುತ್ತಾರೆ ಎಂದಾದಾಗ ಸಭಾಪಾಲಕರು, "ಮಾಸ್ಟ್ರೇ, ದುಭಾಷಿ ನೀವೇ ಆಗಬೇಕು" ಎಂದರು. ಬೇಡವೆನ್ನುವಂತೆ ಮುಖ ಮಾಡಿ ಒಪ್ಪಿಕೊಂಡೆ.

ಬಂದವರು ಮೊದಲ ದಿನವೇ ಚರ್ಚಿನ ಕಂಪೌಂಡ್ ಗೋಡೆಗೆ ಪೇಂಟ್ ಹೊಡೆಯಲು ಹೊರಟರು. ಆ ಗೋಡೆಗೆ ಕ್ರಿಸ್ಮಸ್ಸಿಗಷ್ಟೇ ಪೇಂಟ್ ಆಗಿತ್ತು. ಹೊಡೆದ ಸಂಜೀವ ಪಕ್ಕದ ಮನೆಯವನು. ಅವನು ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿ, "ಇವರ ಊರಲ್ಲಿ ಗೋಡೆ ಇಲ್ವಾ ಮಾರಾಯ್ರೆ?" ಎಂದು ಕೇಳಿದ. ಕೆಲಸ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾನೆ ಎಂದು ನಾನು ಅನುವಾದಿಸಿದೆ. ಅತಿಥಿಗಳ ಮನಸ್ಸು ನೋಯಬಾರದಲ್ಲ! ಮರುದಿನ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅವರಲ್ಲಿ ಡೇವಿಡ್ ಎಂಬ ಅರುವತ್ತರ ಪ್ರಾಯದವರು ಚೀಲ ಬಿಚ್ಚಿ ಕಂಡ ಮಕ್ಕಳಿಗೆಲ್ಲ ಚಾಕಲೇಟು ಹಂಚತೊಡಗಿದರು. ತಾಯಂದಿರು ಮಕ್ಕಳನ್ನು ಹಿಂದಕ್ಕೆಳೆದರು. ನಿಟ್ಟೆಯ ಇಂಜಿನಿಯರಿಂಗ್ ಹುಡುಗರು ಮಾತ್ರ ಶಿಸ್ತಿನಿಂದ ಸಾಲು ನಿಂತು ಪಡೆದುಕೊಂಡರು. ಅಷ್ಟರಲ್ಲೇ ನನಗೆ ಅರ್ಧ ಸಿಟ್ಟು ಬಂದಾಗಿತ್ತು.

ಉಳಿದರ್ಧ ಬಂದದ್ದು ಭಾನುವಾರ. ಆರಾಧನೆ ಮುಗಿಸಿ ಹೊರಗೆ ಬರುವಾಗ ಕಾಪುವಿನಲ್ಲಿ ಮೀನು ಮಾರುವ ಗಿರಿಜಕ್ಕ ಅಂಗಳದಲ್ಲಿ ನಿಂತಿದ್ದರು. ಹಿಂದೆ ಸ್ಕೂಟರಿನ ಪಕ್ಕ, ಹೆಲ್ಮೆಟ್ ಕೂಡ ತೆಗೆಯದೆ, ಅವರ ಗಂಡ ಸುಂದರಣ್ಣ. ನನ್ನ ಹತ್ತಿರ ಯಾವಾಗಲೂ ತುಳುವಿನಲ್ಲಿ ಮಾತಾಡುವ ಗಿರಿಜಕ್ಕ, ಬಯಲುಸೀಮೆಯಿಂದ ಬಂದ ಸಭಾಪಾಲಕರಿಗೂ ತಿಳಿಯಲಿ ಎಂದು ಅಂದು ಕನ್ನಡದಲ್ಲೇ ಶುರುಮಾಡಿದರು.

"ಎಂತ ಮಾಸ್ಟ್ರೇ ಇದು? ನನ್ನ ಗಂಡನನ್ನು ನೀವು ಕೊಂದದ್ದು ಯಾವಾಗ?"

ಮೊಬೈಲು ಮುಂದೆ ಹಿಡಿದರು. ಆ ವಾರ ಅತಿಥಿಗಳನ್ನು ನಾನು ಕಾಪುವಿಗೆ ಕರೆದೊಯ್ದಿದ್ದಾಗ ಡೇವಿಡ್ ತೆಗೆದ ಫೋಟೋ. ಬುಟ್ಟಿಯ ಮುಂದೆ ಗಿರಿಜಕ್ಕ, ಬರಿಗಾಲು, ಬರಿ ಕೊರಳು. ಕೆಳಗೆ ಇಂಗ್ಲಿಷಿನಲ್ಲಿ: ಗಂಡನನ್ನು ಕಡಲಿಗೆ ಕಳೆದುಕೊಂಡು ಮೂವತ್ತು ವರ್ಷದಿಂದ ಒಂಟಿಯಾಗಿ ಬದುಕುತ್ತಿರುವ ಬಡ ವಿಧವೆ, ಇವಳಿಗಾಗಿ ಪ್ರಾರ್ಥಿಸಿರಿ. ತಮ್ಮ ಸಭೆಯ ಇಂಟರ್‌ನೆಟ್ ಪುಟಕ್ಕೆ ಅವರು ಹಾಕಿದ್ದನ್ನು ಯಾರೋ ಊರಿನ ವಾಟ್ಸಾಪ್ ಗುಂಪುಗಳಿಗೆ ದಾಟಿಸಿದ್ದರು.

"ಮೀನು ಕೊಯ್ಯುವಾಗ ಕರಿಮಣಿ ತೆಗೆದಿಡ್ತೇನೆ. ಅದು ತಪ್ಪಾ? ನನ್ನ ಮಗಳು ಮಣಿಪಾಲದಲ್ಲಿ ನರ್ಸು. ಜೊತೆಯವಳು ಬಂದು 'ಅಪ್ಪ ಹೋದದ್ದು ಹೇಳಲೇ ಇಲ್ವಲ್ಲ' ಅಂದಳಂತೆ. ಇವರಿಗೆ ಫೋನ್ ಮಾಡಿದರೆ ಸಿಗಲಿಲ್ಲ, ಬೋಟಲ್ಲಿದ್ರು. ಎರಡು ಗಂಟೆ ಡ್ಯೂಟಿಯಲ್ಲಿ ನಿಂತು ಅತ್ತಿದ್ದಾಳೆ ಅವಳು. ನೋಡಿ, ಇಲ್ಲೇ ಉಂಟಲ್ಲ ಜನ! ಬೆಳಿಗ್ಗೆ ಆರು ಇಡ್ಲಿ ತಿಂದಿದ್ದಾರೆ."

"ನಾಲ್ಕು" ಎಂದರು ಸುಂದರಣ್ಣ.

ನನಗೆ ನಗು ಬರಲಿಲ್ಲ. ಎರಡು ಗಂಟೆ ತಂದೆಯಿಲ್ಲದೆ ನಿಂತ ಆ ಹುಡುಗಿ ಕಣ್ಣಿಗೆ ಕಟ್ಟಿದಳು. ಆರೂ ಮಂದಿಯನ್ನು ಚರ್ಚಿನ ಹಾಲಿಗೆ ಕರೆದು, ಗಿರಿಜಕ್ಕನನ್ನೂ ಅಲ್ಲೇ ಕೂರಿಸಿ, ಹಿಂದಿನ ಬೆಂಚಿನವರಿಗೂ ಕೇಳುವ ನನ್ನ ಹಳೆಯ ಧ್ವನಿಯಲ್ಲಿ ತೊಡಗಿದೆ. ಸೇವೆಗೆ ಬಂದವರು ಮೊದಲು ಕೇಳಬೇಕು, ಆಮೇಲೆ ಕ್ಯಾಮೆರಾ ಎತ್ತಬೇಕು. ಬರೆದದ್ದನ್ನು ಆ ವ್ಯಕ್ತಿಗೇ ತೋರಿಸದೆ ಲೋಕಕ್ಕೆ ತೋರಿಸಬಾರದು. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ತಿಂಡಿ ಕೊಡಬಾರದು. ಊರಿನ ಪೇಂಟರನ ಬ್ರಷ್ಷು ಕಿತ್ತುಕೊಳ್ಳಬಾರದು. ಕರುಣೆ ತೋರಿಸುವ ಆತುರದಲ್ಲಿ ಬದುಕಿದ್ದವರನ್ನು ಸಾಯಿಸಬಾರದು! ಹೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ ಎಂದು ಮೇಜಿನ ಮೇಲೆ ಕುಟ್ಟಿದೆ.

ಡೇವಿಡ್ ಕಣ್ಣು ತುಂಬಿಕೊಂಡು ಎದ್ದರು. ಗಿರಿಜಕ್ಕನ ಮುಂದೆ ಕೈಮುಗಿದರು. ಅಲ್ಲೇ ಫೋಟೋ ಅಳಿಸಿ, ತಪ್ಪಾಯಿತೆಂದು ಅದೇ ಪುಟದಲ್ಲಿ ಬರೆದರು. ಮೊದಲು ಸಹಿ ಹಾಕಿದವರೂ ಅವರೇ. ಆಮೇಲೆ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು, ಬಹಳ ವಿನಯದಿಂದ, ನಿಧಾನವಾಗಿ, ನನಗೂ ಅರ್ಥವಾಗುವ ಹಾಗೆ ಓದಿದರು. ಕಾಪುವಿನಲ್ಲಿ ತಾನು ಕೇಳಿದ್ದು: ಈಕೆ ಗಂಡನನ್ನು ಕಡಲಿಗೆ ಕಳೆದುಕೊಂಡಳೇ? ಮಾಸ್ಟರು ಕೊಟ್ಟ ಉತ್ತರ: ಹೌದು, ಹೌದು, ಮೂವತ್ತು ವರ್ಷವಾಯಿತು.

ಕಾಪುವಿನಲ್ಲಿ ಆ ದಿನ ಡೇವಿಡರ ಸುರುಳಿ ಸುತ್ತುವ ಉಚ್ಚಾರದಲ್ಲಿ ನನಗೆ ಸಿಕ್ಕಿದ್ದು 'ಗಂಡ' ಮತ್ತು 'ಕಡಲು' ಎಂಬ ಎರಡೇ ಮಾತು. ಇನ್ನೊಮ್ಮೆ ಹೇಳಿ ಎನ್ನಲು ಇಂಗ್ಲಿಷ್ ಮಾಸ್ಟರಿಗೆ ನಾಚಿಕೆ. ಗಂಡ ಕಡಲಿಗೆ ಮೀನು ಹಿಡಿಯಲು ಹೋಗುತ್ತಾರಾ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಜಂಬದಿಂದ ತಲೆಯಾಡಿಸಿದ್ದೆ.

"ಎಂತ ಓದಿದ್ರು ಅವರು?" ಎಂದು ಗಿರಿಜಕ್ಕ ನನ್ನನ್ನೇ ಕೇಳಿದರು. ಬೇರೆ ದುಭಾಷಿ ಇರಲಿಲ್ಲ. ಅಕ್ಷರ ಬಿಡದೆ ಅನುವಾದಿಸಿದೆ. ಆ ಎರಡು ವಾರಗಳಲ್ಲಿ ನಾನು ಸರಿಯಾಗಿ ಅನುವಾದಿಸಿದ್ದು ಅದೊಂದೇ ಇರಬೇಕು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದು ನೀವೇ ಅಲ್ವಾ?" ಎಂದು ಕೇಳಿ ಸ್ಕೂಟರ್ ಹತ್ತಿದರು.

ಅರ್ಥವಾಗದಿದ್ದರೆ ತಲೆಯಾಡಿಸಬಾರದು ಎಂಬ ಇನ್ನೊಂದು ಸಾಲನ್ನು ಕಾಗದಕ್ಕೆ ಸೇರಿಸಬೇಕೆಂದು ಸಭಾಪಾಲಕರು ಹೇಳಿದರು. ನಾನೇ ಬರೆದೆ, ದುಂಡಗಿನ ಅಕ್ಷರಗಳಲ್ಲಿ. ಅದರ ಕೆಳಗೆ ಸಹಿ ಹಾಕಲು ಮಾತ್ರ ಬೇರೆ ಯಾರೂ ಮುಂದೆ ಬರಲಿಲ್ಲ.