ಒಂಟೆಯ ತಲೆಗೆ ಕಟ್ಟಿದ ನೆಗಡಿ

ಅರ್ಧಮರ್ಧ ಓದಿಕೊಂಡವನಿಗೆ ನೆಗಡಿ ಬರಬಾರದು. ಬೇರೆಯವರು ಕಷಾಯ ಕುಡಿದು ಮಲಗುತ್ತಾರೆ, ನಾನು ನೆಗಡಿಯ ಮೂಲಪುರುಷನನ್ನು ಹುಡುಕುತ್ತೇನೆ. ಈ ಸಲವಂತೂ ಹುಡುಕಲೇಬೇಕಿತ್ತು. ನಾನು ಎತ್ತಿ ಆಡಿಸಿದ ಅಣ್ಣನ ಮಗಳು ಸುಧಾಗೆ ಗರಗದ ಅತ್ತೆಮನೆಯಲ್ಲಿ ಕುಬಸ, ಅಂದರೆ ಸೀಮಂತ. ತವರಿನ ಬುತ್ತಿ ತೆಗೆದುಕೊಂಡು ನಾವು ಹುಬ್ಬಳ್ಳಿಯಿಂದ ಹೊರಡುವುದರಲ್ಲಿದ್ದೆವು. ಹೋಳಿಗೆ, ಕರ್ಚಿಕಾಯಿಗಳ ಡಬ್ಬಿಗಳ ನಡುವೆ ನಿಂತು ಸೀನಿಬಿಟ್ಟೆ. ನನ್ನ ಹೆಂಡತಿ ಶಾಂತಾ ಮೊದಲು ಡಬ್ಬಿಗಳ ಮುಚ್ಚಳ ಹಾಕಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಬಸುರಿ ಹುಡುಗಿ ಹತ್ರ ಈ ಮೂಗು ತಗೊಂಡು ಬರಬ್ಯಾಡ್ರಿ."

"ಇದು ಮನಷ್ಯಾರ ನೆಗಡಿ ಅಲ್ಲ ಮಾರಾಯ್ತಿ, ಒಂಟೀದು!"

ಹಿಂದಿನ ಭಾನುವಾರ ಉಣಕಲ್ ಕೆರೆ ದಂಡೆಯಲ್ಲಿ ಮಕ್ಕಳ ಜೊತೆ ನಾನೂ ಒಂಟೆ ಹತ್ತಿದ್ದೆ. ಆಮೇಲೆ ಎಲ್ಲೋ ಓದಿದ್ದೆ: ಒಂಟೆಗಳಿಗೂ ಒಂದು ಬಗೆಯ ಕೊರೊನಾ ಇದೆಯಂತೆ. ಅದು ಯಾವಾಗಿನದೆಂದು ತಿಳಿಯಲು ವಿಜ್ಞಾನಿಗಳು ದಶಕಗಳ ಹಿಂದೆ ತೆಗೆದಿಟ್ಟ ಒಂಟೆಗಳ ರಕ್ತ ಪರೀಕ್ಷಿಸಿದರಂತೆ. ಮನುಷ್ಯರಲ್ಲಿ ಆ ರೋಗ ಗೊತ್ತಾಗುವ ಎಷ್ಟೋ ಮೊದಲೇ ಒಂಟೆಗಳು ಅದನ್ನು ಸದ್ದಿಲ್ಲದೆ ಅನುಭವಿಸಿದ್ದವಂತೆ. ಶಾಂತಾಗೆ ವಿವರಿಸಿದ್ದರಲ್ಲಿ ಇಷ್ಟು ವಿಜ್ಞಾನ. ಒಂಟೆಯಿಂದ ಬಂದ ನೆಗಡಿ ನನ್ನಲ್ಲೇ ನಿಲ್ಲುತ್ತದೆ, ಮುಂದೆ ಹಬ್ಬುವುದಿಲ್ಲ ಎಂಬುದು ಮಾತ್ರ ಹೋಳಿಗೆಯ ವಾಸನೆಗೆ ಹುಟ್ಟಿದ ನನ್ನ ಸ್ವಂತ ಸಂಶೋಧನೆ.

"ಹೌದೇನ್ರಿ? ಹಂಗಾದ್ರ ನಾನೂ ಹಳೇದು ತಗದು ನೋಡ್ತೇನಿ," ಎಂದು ಶಾಂತಾ ಮೊಬೈಲ್ ತೆಗೆದಳು. ಅವಳ ಬಳಿ ರಕ್ತ ಇರಲಿಲ್ಲ, ಆ ಭಾನುವಾರದ ಫೋಟೋ ಇದ್ದವು. ಮೊದಲನೆಯದರಲ್ಲಿ ನಾನು ಒಂಟೆ ಹತ್ತುವ ಮೊದಲೇ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದೆ. ಎರಡನೆಯದರಲ್ಲಿ ಮಕ್ಕಳೆಲ್ಲ ನಗುತ್ತಿದ್ದಾರೆ, ನಾನು ಬಾಯಿ ತೆರೆದು ಸೀನುತ್ತಿದ್ದೇನೆ, ಒಂಟೆ ಇದ್ದಷ್ಟೂ ಕುತ್ತಿಗೆ ಚಾಚಿ ಮುಖ ಆಚೆ ತಿರುಗಿಸಿದೆ.

"ಈಗ ಹೇಳ್ರಿ, ಯಾರದು ಯಾರಿಗೆ ಹತ್ತೇತಿ? ಪಾಪ, ಮೂಕ ಪ್ರಾಣಿ ಮ್ಯಾಲೆ ಹಾಕ್ತೀರಲ್ರೀ!"

ಉತ್ತರ ಕೊಡಲು ಬಾಯಿ ತೆರೆದೆ, ಮತ್ತೆ ಸೀನು ಬಂತು. ಬುತ್ತಿ ಗಾಡಿ ಹತ್ತಿತು, ನನ್ನ ಪಾಲಿಗೆ ಗಂಜಿ ಉಳಿಯಿತು. ಹೋಳಿಗೆ ಹಾಳಾಗಿ ಹೋಗಲಿ, ಹಸಿರು ಬಳೆ ತೊಟ್ಟ ಆ ಹುಡುಗಿಯನ್ನು ಕಣ್ತುಂಬ ನೋಡಬೇಕಿತ್ತು. ನಿಜಕ್ಕೂ ಸಂಕಟವಾಯಿತು.

ಮಧ್ಯಾಹ್ನ ಸುಧಾಳ ವೀಡಿಯೊ ಕಾಲ್ ಬಂತು. ಬಳೆ ತೋರಿಸುವುದನ್ನೂ ಮರೆತು, ಗಾಬರಿಯಿಂದ ಕೇಳಿದಳು:

"ಕಾಕಾ, ಕಾಕು ಎಲ್ಲಾ ಹೇಳಿದ್ಲು. ಈಗ ಹೆಂಗೈತಿ?"

ನನ್ನ ಕಣ್ಣು ತುಂಬಿ ಬಂತು. "ಅಡ್ಡಿಯಿಲ್ಲ ನನ್ನವ್ವಾ, ಮೂಗು ಸ್ವಲ್ಪ ಹಗುರಾಗೇತಿ."

"ನಿಮ್ದಲ್ಲ ಕಾಕಾ," ಎಂದಳು, "ಪಾಪ, ಆ ಒಂಟೀದು!"