ಹಿಮ ತಳ್ಳುವ ಸರ್ಕಾರ

ಈ ಚಳಿಗಾಲದಲ್ಲಿ ಮೂರನೆಯ ಸಲ ಎಲ್ವಿನ್ ಮನೆ ಮುಂದಿನ ಅಂಚೆ ಡಬ್ಬಿ ಮಕಾಡೆ ಮಲಗಿತ್ತು. ರಸ್ತೆಯ ಹಿಮ ತಳ್ಳುವ ಊರ ಲಾರಿ ಅದನ್ನು ಗುದ್ದಿ ಹೋಗಿತ್ತು. ಬೇರೆ ಡಬ್ಬಿಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದು ಹೆಂಡತಿ ಹೆಸ್ಟರಳ ಅಪ್ಪ ಸಾಯುವ ಮುಂಚೆ ಕೈಯಾರೆ ಕೆತ್ತಿದ ಮರದ ಹಸು. ಅಂಚೆಯವನು ಕಾಗದವನ್ನೆಲ್ಲ ಅದರ ಬಾಯಿಗೇ ಹಾಕಬೇಕು. ಈ ಸಲ ಒಂದು ಕೊಂಬೂ ಹೋಗಿತ್ತು.

"ಸರ್ಕಾರ ಏನು ಕತ್ತೆ ಕಾಯ್ತಿದೆಯಾ?" ಎಂದು ಎಲ್ವಿನ್ ಗುಡುಗಿದ.

"ನನ್ ಮುಂದೆ ಕೂಗಾಡಿದ್ರೆ ಏನ್ ಬಂತು? ಇವತ್ತು ಊರ ಸಭೆ ಅಲ್ವಾ, ಅಲ್ಲಿ ಕೂಗು," ಎಂದಳು ಹೆಸ್ಟರ್. "ಇನ್ನೊಂದ್ ಸಲ ನಮ್ಮಪ್ಪನ ಹಸು ಬಿದ್ರೆ ನೀನು ಕೊಟ್ಟಿಗೇಲಿ ಮಲ್ಕೋಬೇಕಾಗತ್ತೆ, ಹೇಳಿದೀನಿ."

ಎಲ್ವಿನ್ ಹಸುವನ್ನು ಮತ್ತೆ ಕಂಬಕ್ಕೆ ಬಡಿದು, ಹೆಂಡತಿಯೊಡನೆ ಟೌನ್ ಹಾಲಿಗೆ ಹೊರಟ.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಅಮೆರಿಕದ ವರ್ಮಾಂಟ್ ರಾಜ್ಯದ ಆ ಊರಿನಲ್ಲಿ ಎಲ್ಲರೂ ಸೇರಿ ಕೈಯೆತ್ತಿಯೇ ಊರು ಆಳುತ್ತಾರೆ. ವಾಷಿಂಗ್ಟನ್ನಿನಲ್ಲಿ ಯಾರು ಕುರ್ಚಿ ಹಿಡಿದರೂ ಅಷ್ಟಕ್ಕಷ್ಟೆ. ಊರ ರಸ್ತೆ ಅಧಿಕಾರಿಯನ್ನು ಆರಿಸುವ ಮಾತು ಬಂದರೆ ಮಾತ್ರ ಕೆಮ್ಮು ಹಿಡಿದು ಮಲಗಿದವರೂ ಎದ್ದು ಬರುತ್ತಾರೆ. ವರ್ಷಾನುಗಟ್ಟಲೆ ಆ ಹುದ್ದೆಯಲ್ಲಿದ್ದು ಲಾರಿಯನ್ನೂ ತಾನೇ ಓಡಿಸುತ್ತಿದ್ದ ಹೋರೇಸ್ ಹಿಂದಿನ ಬೆಂಚಿನಲ್ಲಿ ಕೂತು ಬೇಯಿಸಿದ ಬೀನ್ಸ್ ತಿನ್ನುತ್ತಿದ್ದ.

ಎಲ್ವಿನ್ ಎದ್ದು ಮೇಜು ಗುದ್ದಿದ. ಎಲ್ಲರ ಊಟಕ್ಕೆಂದು ಅದರ ಮೇಲಿಟ್ಟಿದ್ದ ಬಿಸಿ ಬೀನ್ಸ್ ಪಾತ್ರೆ ಮಗುಚಿ ಅವನ ಪ್ಯಾಂಟಿನ ಮೇಲೇ ಬಿತ್ತು.

"ಸುಟ್ಟುಕೊಂಡ್ಯೇನೋ?" ಎಂದರು ಸಭೆ ನಡೆಸುತ್ತಿದ್ದ ಬರ್ನೀಸ್ ಅಜ್ಜಿ.

"ಸುಡ್ಲಿ ಬಿಡಿ! ಸರ್ಕಾರ ಯಾರಪ್ಪನ ಮನೆ ಆಸ್ತಿ? ಜನರದ್ದು! ಕೆಲಸ ಮಾಡದವ್ನನ್ನ ಇಳಿಸೋ ಅಧಿಕಾರ ನಮ್ಮ ಕೈಲೇ ಇದೆ. ಎತ್ರಯ್ಯಾ ಕೈ!"

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

"ಹೋರೇಸ್ ಬೇಡ ಅನ್ನೋರು?" ಎಂದರು ಅಜ್ಜಿ.

ಕೈಗಳೆಲ್ಲ ಮೇಲೆದ್ದವು. ಹೋರೇಸ್ ಚಮಚ ಬಿಸಾಕಿ ಎರಡೂ ಕೈ ಎತ್ತಿದ. ಪಾಪ, ನಾಚಿಕೆಗೆ ಶರಣಾದ ಎಂದುಕೊಂಡ ಎಲ್ವಿನ್. ಗೆದ್ದ ಖುಷಿಗೆ ಅವನ ಎದೆ ಉಬ್ಬಿಹೋಯಿತು. ಬಿಸಿ ಬೀನ್ಸಿನ ಉರಿಯೂ ತಿಳಿಯಲಿಲ್ಲ.

"ಸರಿ, ಅವನ ಜಾಗಕ್ಕೆ ಯಾರು?"

"ಎಲ್ವಿನ್!" ಎಂದ ಹೋರೇಸ್, ಕಾದು ಕೂತವನಂತೆ.

"ಅನುಮೋದಿಸೋರು ಇದಾರಾ?"

"ನಾನಿದೀನಿ," ಎಂದಳು ಹೆಸ್ಟರ್.

ಎಲ್ವಿನ್ ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಕೈಗಳೆಲ್ಲ ಮೇಲಿದ್ದವು. ಹೋರೇಸ್ ಲಾರಿಯ ಕೀಲಿಯನ್ನು ಅವನ ಅಂಗೈಗೆ ಒತ್ತಿದ. "ಪ್ರತಿ ವರ್ಷ ಬಿಟ್ಬಿಡಿ ಅಂತ ಕಾಲು ಹಿಡೀತಿದ್ದೆ, ಬಿಡ್ತಿರಲಿಲ್ಲ ಈ ಜನ. ನೀನು ದೇವರ ಹಾಗೆ ಬಂದೆ ಮಾರಾಯ. ಹೊರಗೆ ಹಿಮ ಶುರುವಾಗಿದೆ, ಹೊರಡು!"

ಹೋಗಲಿ, ಅಧಿಕಾರ ಅಧಿಕಾರವೇ. ಸಂಜೆಗೆ ಎಲ್ವಿನ್ ಲಾರಿಯನ್ನು ಅಂಬಾರಿ ಹೊತ್ತ ಆನೆಯಂತೆ ನಡೆಸುತ್ತಿದ್ದ. ಜನ ಕಿಟಕಿಗಳಿಂದ ಕೈ ಬೀಸಿದರು. ಊರಿನಲ್ಲಿ ಒಬ್ಬರ ಡಬ್ಬಿಗೂ ಅವನು ಗೀರು ಬೀಳಿಸಲಿಲ್ಲ. ಹೋರೇಸನ ಮನೆಯ ಮುಂದಂತೂ ಎರಡು ಸಲ ಹಾರ್ನ್ ಹೊಡೆದ.

ಕೊನೆಗೆ ಸ್ವಂತ ಮನೆಯ ಇಳಿಜಾರು. ಬ್ರೇಕ್ ಒತ್ತಿದ; ಲಾರಿ ಜಾರಿತು. ಮತ್ತೆ ಒತ್ತಿದ, ಮತ್ತೂ ಜಾರಿತು.

ಧಡ್!

ಮರದ ಹಸು ಹಾರಿಹೋಗಿ ಹಿಮದ ರಾಶಿಯಲ್ಲಿ ನಾಲ್ಕೂ ಕಾಲು ಮೇಲೆ ಮಾಡಿ ಬಿತ್ತು. ಅಭ್ಯಾಸಬಲ ನೋಡಿ, ಎಲ್ವಿನ್ ಕಿಟಕಿ ಇಳಿಸಿ ಗುಡುಗಿಯೇಬಿಟ್ಟ. "ಸರ್ಕಾರ ಏನು ಕತ್ತೆ..."

"ನಿಲ್ಲಿಸಿದ್ಯಾಕೆ? ಹೇಳು," ಎಂದಳು ಸೊಂಟದ ಮೇಲೆ ಕೈಯಿಟ್ಟು ಜಗಲಿಯಲ್ಲಿ ನಿಂತಿದ್ದ ಹೆಸ್ಟರ್. "ಸರ್ಕಾರಕ್ಕೆ ಆಗ್ಲೇ ಹಾಸಿಗೆ ಹಾಸಿದೀನಿ."

ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು.